ಮೀನಿನ ಮೂಗು

ಬೇಸಿಗೆ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಬಂದೇ ಬರುತ್ತದೆ. ಯಾವುದೋ ಊರಿನ ಕೆರೆ, ದಡದುದ್ದಕ್ಕೂ ಹೊಟ್ಟೆ ಮೇಲಾಗಿ ತೇಲುವ ಮೀನು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಹೀಗಾದದ್ದನ್ನು ಬೆಂಗಳೂರಿನವರು ಮರೆತಿರಲಾರರು. ಕೊಳಚೆ ಸೇರಿತು, ನೀರಿನಲ್ಲಿ ಆಮ್ಲಜನಕ ಕುಸಿಯಿತು ಎಂದು ಎರಡು ದಿನ ಮಾತಾಡುತ್ತೇವೆ. ಸತ್ತ ಮೀನನ್ನು ಬುಟ್ಟಿಗಟ್ಟಲೆ ಎತ್ತಿ ಸಾಗಿಸುತ್ತಾರೆ, ಸುದ್ದಿಯೂ ಅದರ ಜೊತೆಗೇ ಹೋಗುತ್ತದೆ. ತೇಲಿದ ಮೀನು ಹೇಗೋ ಲೆಕ್ಕಕ್ಕೆ ಸಿಕ್ಕಿತು. ನನ್ನನ್ನು ಕಾಡುವುದು ತೇಲದೆ ಉಳಿದ ಮೀನು. ಅದು ಈಜುತ್ತಲೇ ಇರುತ್ತದೆ, ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ಆದರೆ ಮೂಗು ಸತ್ತಿದೆ, ನಾಲಿಗೆ ಸತ್ತಿದೆ, ಶತ್ರು ಹತ್ತಿರ ಬಂದರೂ ತಿಳಿಯುತ್ತಿಲ್ಲ. ಅದರ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಮೀನಿಗೂ ಮೂಗಿದೆಯೇ ಎಂದು ಕೇಳುವವರಿದ್ದಾರೆ. ಮಾರುಕಟ್ಟೆಯಲ್ಲಿ ನಾವು ಕಿವಿರು ಎತ್ತಿ ಕೆಂಪಗಿದೆಯೇ ನೋಡುತ್ತೇವೆ, ಕಣ್ಣು ಒಳಗಿಳಿದಿದೆಯೇ ನೋಡುತ್ತೇವೆ, ಬೆರಳಿನಿಂದ ಮೈ ಒತ್ತುತ್ತೇವೆ. ಕಣ್ಣಿನ ಮುಂದೆ ಮೂತಿಯ ಮೇಲಿರುವ ಸಣ್ಣ ತೂತುಗಳತ್ತ ಗಮನ ಹೋಗುವುದಿಲ್ಲ. ಮುಂದಿನ ಸಲ ಗೆಂಡೆಮೀನು ಮನೆಗೆ ಬಂದರೆ ಹುಡುಕಿ ನೋಡಿ. ಎರಡು ಬದಿಯಲ್ಲೂ ಒಂದರ ಹಿಂದೆ ಒಂದರಂತೆ ಎರಡೆರಡು ತೂತು. ಮುಂದಿನದರಲ್ಲಿ ನೀರು ಹೊಕ್ಕು ಹಿಂದಿನದರಲ್ಲಿ ಹೊರಡುತ್ತದೆ. ಉಸಿರಾಟಕ್ಕೆ ಕಿವಿರುಗಳಿರುವುದರಿಂದ ಈ ಮೂಗಿಗೆ ಮೂಸುವುದೊಂದೇ ಕೆಲಸ. ಗಂಟಲಿಗೂ ಇದಕ್ಕೂ ದಾರಿಯೇ ಇಲ್ಲ. ಒಳಗೆ ಮಡಿಕೆ ಮಡಿಕೆಯಾದ ತೆಳುವಾದ ಪದರ. ಆ ಪದರದಲ್ಲಿ ವಾಸನೆ ಹಿಡಿಯುವ ನರಕೋಶಗಳು. ಆ ಕೋಶಗಳ ತುದಿಗೂ ಹೊರಗಿನ ನೀರಿಗೂ ನಡುವೆ ತೆಳ್ಳನೆಯ ಲೋಳೆ ಬಿಟ್ಟರೆ ಬೇರೆ ಮರೆ ಇಲ್ಲ.

ಇಷ್ಟು ತಿಳಿದರೆ ಉಳಿದದ್ದನ್ನು ಊಹಿಸಬಹುದು. ಬೆಳ್ಳಂದೂರು ಕೆರೆಯ ಕೋಡಿಯ ಹತ್ತಿರ ಹೋಗುವಾಗ ನಾವು ಕಾರಿನ ಗಾಜು ಏರಿಸುತ್ತೇವೆ, ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿಯುತ್ತೇವೆ. ಮೀನು ಏನು ಹಿಡಿಯಬೇಕು? ನೀರಿನಲ್ಲಿ ಬಂದದ್ದೆಲ್ಲ ಮೊದಲು ತಾಗುವುದು ಆ ಬರಿಯ ನರದ ತುದಿಗೆ.

ನಮ್ಮ ಹಿರಿಯರು ಮೀನಿನ ವಿಷಯದಲ್ಲಿ ಕಣ್ಣಿಗೇ ಪಟ್ಟ ಕಟ್ಟಿದ್ದರು. ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಆಮೆ ನೆನೆದು ಮರಿ ಮಾಡುತ್ತದೆ, ಮೀನು ನೋಡಿ ಮರಿ ಮಾಡುತ್ತದೆ ಎಂಬ ಮಾತು ಗುರು ಕೊಡುವ ದೀಕ್ಷೆಯ ಬಗೆಗಳನ್ನು ವಿವರಿಸುವಾಗ ಬರುತ್ತದೆ. ರೆಪ್ಪೆ ಮುಚ್ಚದ ಆ ಕಣ್ಣನ್ನು ನೋಡಿಯೇ ಹುಟ್ಟಿದ ಕಲ್ಪನೆ ಇರಬೇಕು, ಬಹಳ ಚೆಂದದ್ದು. ಆದರೆ ಆಷಾಢದ ಕೆಂಪು ನೀರಿನಲ್ಲಿ ಎಂಥ ಕಣ್ಣಿಗೂ ಒಂದು ಮೊಳದಾಚೆ ಕಾಣದು. ಅಂಥ ನೀರಿನಲ್ಲಿ ಮೀನು ಬದುಕುವುದು ಮೂಗಿನಿಂದ, ನಾಲಿಗೆಯಿಂದ, ಕಿವಿಯಿಂದ. ಇವಲ್ಲದೆ ನಮಗೆ ಇಲ್ಲದ ಇನ್ನೊಂದು ಇಂದ್ರಿಯವೂ ಅದಕ್ಕಿದೆ, ಅದರ ಮಾತು ಆಮೇಲೆ.

ಕಿವಿಯ ಕಥೆ ಸೊಗಸಾದದ್ದು, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮೀನು ಕಿವುಡು ಎಂದು ವಿದ್ವಾಂಸರೇ ವಾದಿಸುತ್ತಿದ್ದ ಕಾಲವೊಂದಿತ್ತು. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದನ್ನು ಒಪ್ಪಲಿಲ್ಲ. ಕಣ್ಣು ಕಾಣದ ಒಂದು ಪುಟ್ಟ ಮೀಸೆಮೀನನ್ನು ಸಾಕಿ, ಊಟ ಕೊಡುವ ಮುಂಚೆ ಪ್ರತಿ ಸಲ ಸಿಳ್ಳೆ ಹಾಕಿದರು. ಕೆಲವು ದಿನ ಕಳೆದ ಮೇಲೆ ಬರಿಯ ಸಿಳ್ಳೆಗೇ ಮೀನು ತನ್ನ ಗೂಡಿನಿಂದ ಹೊರಗೆ ಬಂತು. 1923ರಲ್ಲಿ ಅವರು ಬರೆದ ಲೇಖನದ ಹೆಸರೇ, ಸಿಳ್ಳೆ ಹಾಕಿದರೆ ಬರುವ ಮೀಸೆಮೀನು ಎಂದು. ವಿಜ್ಞಾನದ ಲೇಖನಕ್ಕೆ ಇಷ್ಟು ಪ್ರೀತಿಯ ತಲೆಬರಹವನ್ನು ನಾನು ಬೇರೆ ಕಂಡಿಲ್ಲ.

ಇದೇ ಫ್ರಿಶ್ ಮೀನಿನ ಮೂಗಿನ ಬಗ್ಗೆಯೂ ದೊಡ್ಡದೊಂದು ಸಂಗತಿ ಕಂಡರು. ಗಾಯವಾದ ಪುಟ್ಟ ಮೀನೊಂದನ್ನು ಅದರ ಹಿಂಡಿನ ಬಳಿಗೆ ಬಿಟ್ಟಾಗ ಇಡೀ ಹಿಂಡು ಬೆದರಿ ಚದುರಿತು. ಹುಡುಕುತ್ತ ಹೋದಾಗ ತಿಳಿದದ್ದು ಇದು: ಮೀನಿನ ಚರ್ಮ ಹರಿದಾಗ ಅದರೊಳಗಿನ ಒಂದು ಪದಾರ್ಥ ನೀರಿಗೆ ಸೇರುತ್ತದೆ, ಆ ವಾಸನೆ ಸೋಕಿದ ಕೂಡಲೇ ಬಂಧುಗಳೆಲ್ಲ ಅಪಾಯ ಅರಿಯುತ್ತವೆ. ಕೆಲವು ಓಡುತ್ತವೆ, ಕೆಲವು ಕಲ್ಲಿನ ಮರೆಗೆ ಸೇರಿ ಅಲ್ಲಾಡದೆ ನಿಲ್ಲುತ್ತವೆ. 1938ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಆಮೇಲೆ ನೂರಾರು ಮಂದಿ ಬೇರೆ ಬೇರೆ ಮೀನುಗಳಲ್ಲಿ ನೋಡಿದ್ದಾರೆ. ಮನೆಯೊಂದರಲ್ಲಿ ಅನಾಹುತವಾದರೆ ಬೀದಿಗೆಲ್ಲ ಕೂಗು ಕೇಳುತ್ತದಲ್ಲ, ಮೀನಿನ ಕೇರಿಯಲ್ಲಿ ಆ ಕೂಗು ಮೂಗಿಗೆ ಕೇಳುತ್ತದೆ.

ಮನೆ ದಾರಿಯೂ ಮೂಗಿಗೇ ಗೊತ್ತು. ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನು ಬೆಟ್ಟದ ತೊರೆಯಲ್ಲಿ ಹುಟ್ಟಿ, ಸಮುದ್ರಕ್ಕಿಳಿದು, ವರ್ಷಗಳ ಮೇಲೆ ಮೊಟ್ಟೆಯಿಡಲು ತಾನು ಹುಟ್ಟಿದ ತೊರೆಗೇ ಮರಳುತ್ತದೆ. ಹೇಗೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ 1940ರ ದಶಕದಲ್ಲಿ ತನ್ನ ಬಾಲ್ಯದ ಯೂಟಾ ಸೀಮೆಯ ಬೆಟ್ಟ ಹತ್ತುತ್ತಿದ್ದಾಗ, ಕಣ್ಣಿಗೆ ಇನ್ನೂ ಕಾಣದ ಒಂದು ಜಲಪಾತದ ಕಡೆಯಿಂದ ಪಾಚಿಯ, ಕಾಡುಹೂವಿನ ಪರಿಮಳ ತೇಲಿಬಂತಂತೆ. ಮರೆತೇಹೋಗಿದ್ದ ಬಾಲ್ಯದ ಸಂಗತಿಗಳೆಲ್ಲ ಒಮ್ಮೆಗೇ ನುಗ್ಗಿದವು. ನನಗೆ ಹೀಗಾಗುವುದಾದರೆ ಮೀನಿಗೂ ಆಗಬಾರದೇಕೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಮುಂದೆ ಅವರೂ ಅವರ ಶಿಷ್ಯ ವಿಸ್ಬಿಯೂ ಸಿಯಾಟಲ್ ನಗರದ ಹತ್ತಿರದ ಇಸಾಕ್ವಾ ತೊರೆಯಲ್ಲಿ ಸಾಲ್ಮನ್‌ಗಳ ಮೂಗಿಗೆ ಹತ್ತಿ ತುರುಕಿ ಬಿಟ್ಟು ನೋಡಿದರು. ಮೂಗು ತೆರೆದಿದ್ದ ಮೀನುಗಳು ಕವಲಿನಲ್ಲಿ ತಮ್ಮ ತೊರೆಯನ್ನು ಆರಿಸಿಕೊಂಡವು; ಮೂಗು ಮುಚ್ಚಿದವು ದಾರಿ ತಪ್ಪಿದವು. ಅಡಿಗೆಮನೆಯ ಒಗ್ಗರಣೆ ವಾಸನೆಗೆ ತವರು ನೆನಪಾಗುವ ನಮಗೆ ಇದರಲ್ಲಿ ಅಚ್ಚರಿಯೇನೂ ಇರಬೇಕಿಲ್ಲ. ಆದರೂ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹ್ಯಾಸ್ಲರ್ ಹತ್ತಿ ತುರುಕಿ ಮಾಡಿದ್ದನ್ನು ಈಗ ನಾವು ತಾಮ್ರದಿಂದ ಮಾಡುತ್ತಿದ್ದೇವೆ.

ಅದೇ ಸಿಯಾಟಲ್‌ನಲ್ಲಿ ಅಮೆರಿಕ ಸರಕಾರದ ಮೀನುಗಾರಿಕಾ ವಿಜ್ಞಾನ ಕೇಂದ್ರವೊಂದಿದೆ. ಅಲ್ಲಿನ ವಿಜ್ಞಾನಿಗಳು 2003ರಲ್ಲಿ ಕೋಹೋ ಸಾಲ್ಮನ್ ಮರಿಗಳ ಮೂಗಿನ ನರದ ಮಿಡಿತವನ್ನೇ ಅಳೆದು ಫಲಿತಾಂಶ ಪ್ರಕಟಿಸಿದರು. ನೀರಿನಲ್ಲಿ ಕರಗಿದ ತಾಮ್ರ ಲೀಟರಿಗೆ ಎರಡು ಮೂರು ಮೈಕ್ರೋಗ್ರಾಂ ಹೆಚ್ಚಾದರೆ ಸಾಕು, ಮೂಗು ಮಂಕಾಗತೊಡಗುತ್ತದೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಗ್ರಾಂ. 20 ಮೈಕ್ರೋಗ್ರಾಮಿನಲ್ಲಿ ಅರ್ಧ ಗಂಟೆಯಿದ್ದರೆ ಮೂಗು ಬಹುಮಟ್ಟಿಗೆ ಸುಮ್ಮನಾಗುತ್ತದೆ. ಮೀನು ಸಾಯುವುದಿಲ್ಲ, ಮಗುಚುವುದಿಲ್ಲ, ತೇಲುವುದಿಲ್ಲ. ಮುಂದೆ ಅದೇ ಕೇಂದ್ರದವರು ಫ್ರಿಶ್ ಕಂಡ ಚರ್ಮದ ವಾಸನೆಯನ್ನು ನೀರಿಗೆ ಹಾಕಿ ನೋಡಿದರು. ಶುದ್ಧ ನೀರಿನ ಮರಿಗಳು ಕೂಡಲೇ ಸ್ತಬ್ಧವಾದವು. ತಾಮ್ರದ ನೀರಿನಲ್ಲಿದ್ದವು ಏನೂ ಆಗದಂತೆ ಓಡಾಡುತ್ತಲೇ ಇದ್ದವು. 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಥ ಮರಿಗಳ ಜೊತೆ ಅವನ್ನು ತಿನ್ನುವ ದೊಡ್ಡ ಟ್ರೌಟ್ ಮೀನನ್ನೇ ಬಿಟ್ಟರು. ತಾಮ್ರ ಸೋಕಿದ ಮರಿಗಳು ಬೇಗ ಕಣ್ಣಿಗೆ ಬಿದ್ದವು, ಬೇಗ ಬಾಯಿಗೆ ಬಿದ್ದವು. ಅವುಗಳ ಸಾವಿಗೆ ಕಾರಣ ಬರೆಯುವವರು ಟ್ರೌಟಿನ ಹೆಸರು ಬರೆಯುತ್ತಾರೆ. ತಾಮ್ರದ ಹೆಸರು ಎಲ್ಲೂ ಬರುವುದಿಲ್ಲ. ನನಗೆ ಅತಿ ಕ್ರೂರವೆನಿಸುವುದು ಈ ಭಾಗ.

ಆ ಊರಿನ ತೊರೆಗಳಿಗೆ ತಾಮ್ರ ಬಂದ ಒಂದು ದೊಡ್ಡ ದಾರಿ ವಾಹನಗಳ ಬ್ರೇಕ್ ಪ್ಯಾಡ್. ಬ್ರೇಕ್ ಒತ್ತಿದಾಗೆಲ್ಲ ಪ್ಯಾಡ್ ಸವೆದು ಪುಡಿ ರಸ್ತೆಗೆ ಬೀಳುತ್ತದೆ, ಮಳೆ ಅದನ್ನು ಚರಂಡಿಗೆ, ಚರಂಡಿ ಅದನ್ನು ತೊರೆಗೆ ಒಯ್ಯುತ್ತದೆ. ಮೀನಿನ ಮೂಗಿನ ಈ ಪ್ರಯೋಗಗಳು ಅಷ್ಟಕ್ಕೇ ನಿಲ್ಲಲಿಲ್ಲ. 2010ರಲ್ಲಿ ವಾಷಿಂಗ್ಟನ್ ರಾಜ್ಯವೂ ಕ್ಯಾಲಿಫೋರ್ನಿಯವೂ ಕಾನೂನು ಮಾಡಿ ಬ್ರೇಕ್ ಪ್ಯಾಡಿನ ತಾಮ್ರವನ್ನು 2021ರೊಳಗೆ ಶೇಕಡ 5ಕ್ಕೆ, 2025ರೊಳಗೆ ಶೇಕಡ ಅರ್ಧಕ್ಕೆ ಇಳಿಸಲು ಗಡುವು ಇಟ್ಟವು. 2015ರಲ್ಲಿ ವಾಹನೋದ್ಯಮ ಇಡೀ ಅಮೆರಿಕಕ್ಕೆ ಅದೇ ಅಳತೆ ಒಪ್ಪಿಕೊಂಡಿತು. ಬೆರಳುದ್ದದ ಮೀನಿನ ಮೂಗಿಗಾಗಿ ಒಂದು ದೇಶದ ಕಾರುಗಳ ಬ್ರೇಕ್ ಬದಲಾಯಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ನಾನು ಎಲ್ಲರಿಗೂ ಇದನ್ನೇ ತೋರಿಸುತ್ತೇನೆ. ಹಾಗೆಂದು ಅಲ್ಲಿನ ಸಾಲ್ಮನ್‌ನ ಕಷ್ಟ ಮುಗಿಯಲಿಲ್ಲ. ಟಯರಿನ ರಬ್ಬರು ಬಿರುಕು ಬಿಡದಿರಲೆಂದು ಬೆರೆಸುವ ರಾಸಾಯನಿಕವೊಂದು ಓಝೋನ್ ತಗಲಿ ಬದಲಾದಾಗ ಕೋಹೋ ಮೀನನ್ನು ಗಂಟೆಗಳಲ್ಲಿ ಕೊಲ್ಲುತ್ತದೆಂದು 2020ರ ಕೊನೆಗೆ ತಿಳಿಯಿತು. ಅದು ಬೇರೆಯದೇ ಕಥೆ.

ತಾಮ್ರ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವ ತಾಮ್ರದ ತಂಬಿಗೆ. ಅದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಗಳು ಸತ್ತಿದ್ದವು. ನೀರಿಗೆ ಸೇರಿದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯನಿಗೆ ಹಾಕಿದ ಮಿತಿ 2,000. ನಮ್ಮ ಹೊಟ್ಟೆ ನಿಶ್ಚಿಂತೆಯಿಂದ ಇಳಿಸಿಕೊಳ್ಳುವ ಆ ನೀರಿನಲ್ಲಿರುವ ತಾಮ್ರ, ಸಾಲ್ಮನ್ ಮರಿಯ ಮೂಗನ್ನು ಸುಮ್ಮನಾಗಿಸುವ ಪ್ರಮಾಣದ ಎಂಟು ಒಂಬತ್ತು ಪಟ್ಟು. ನಮಗೆ ಶುದ್ಧವಾದ ನೀರೆಲ್ಲ ಮೀನಿಗೂ ಶುದ್ಧ ಎಂಬ ನಂಬಿಕೆಯನ್ನು ಇಲ್ಲಿಗೇ ಬಿಡಬೇಕು.

ಇನ್ನು ಮಲೆನಾಡಿಗೆ, ಕರಾವಳಿಗೆ ಬರೋಣ. ಅಲ್ಲಿ ತಾಮ್ರದ ಹೆಸರು ಮೈಲುತುತ್ತ. ಅಡಿಕೆ ತೋಟ ಇದ್ದವರ ಮನೆಯಲ್ಲಿ ಮಳೆಗಾಲದ ಮುಂಚೆ ಈ ನೀಲಿ ಹರಳಿನ ಚೀಲ ಬಂದು ಕೂರದಿದ್ದರೆ ಆ ವರ್ಷ ಕೊಳೆರೋಗ ಬಂತೆಂದೇ ಲೆಕ್ಕ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹದ ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಕೊನೆಗಾರ ಮರ ಹತ್ತಿ ಗೊನೆಗೊನೆಗೂ ಹೊಡೆಯುತ್ತಾನೆ. ಮೊದಲ ಸಲ ಮಳೆ ಹಿಡಿಯುವ ಹೊತ್ತಿಗೆ, ಮತ್ತೆ 40–45 ದಿನ ಬಿಟ್ಟು.

ಈ ಬೋರ್ಡೋ ದ್ರಾವಣದ ಹುಟ್ಟೂ ಕೇಳುವಂಥದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ನೋಡಲು ಅಸಹ್ಯವಾಗಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಅಲ್ಲಿನ ಪ್ರಾಧ್ಯಾಪಕ ಮಿಲಾರ್ಡೆ, ರೋಗ ಬಿದ್ದ ತೋಟದಲ್ಲಿ ಬಳಿದ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡು, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಪುಸ್ತಿಕೆ ಬರೆದರು. ಈ ದ್ರಾವಣ ನಮ್ಮ ತೋಟಗಳಿಗೆ ಬರುವ ಮುಂಚೆ ನಮ್ಮವರು ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ಮಳೆ ತಾಗದಂತೆ ಹೊದಿಕೆ ಕಟ್ಟುವ ಆ ಕೆಲಸ ಈಗಲೂ ಅಲ್ಲಲ್ಲಿ ಇದೆ, ಹುಲ್ಲಿನ ಬದಲು ಪ್ಲಾಸ್ಟಿಕ್ ಬಂದಿದೆ. ನೂರಾರು ಮರ ಹತ್ತಿ ಕಟ್ಟುವ ಕೊನೆಗಾರರು ಎಲ್ಲಿದ್ದಾರೆ ಎಂದು ಕೇಳಿದರೆ ಉತ್ತರ ಕಷ್ಟ. ಕೊಳೆ ಬಂದರೆ ವರ್ಷದ ಅನ್ನವೇ ನೆಲಕ್ಕೆ ಉದುರುತ್ತದೆ. ಅಡಿಕೆಯವರನ್ನು ಮೈಲುತುತ್ತ ಬಿಡಿ ಎಂದು ಬೈಯಲು ನಾನು ಕೂತಿಲ್ಲ.

ಆದರೆ ಪಂಚಾಂಗ ತೆಗೆದು ನೋಡಿ. ಮೊದಲ ಔಷಧಿ ಹೊಡೆಯುವುದು ರೋಹಿಣಿ, ಮೃಗಶಿರದ ಮಳೆಯ ಹೊತ್ತಿಗೆ. ಹತ್ತುಮೀನು ಏರುವುದೂ ಅದೇ ಹೊತ್ತಿಗೆ. ಹೊಸ ನೀರು ಹರಿದ ರಾತ್ರಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆಯಿಡಲು ಮೀನು ಹತ್ತುತ್ತದೆ. ಟಾರ್ಚು, ಕತ್ತಿ, ಕೂಳಿ ಹಿಡಿದು ಊರಿಗೆ ಊರೇ ಇಳಿಯುತ್ತದೆ. ವರ್ಷವೆಲ್ಲ ಸುಮ್ಮನಿದ್ದ ಇಂದ್ರಿಯಗಳೆಲ್ಲ ಆ ಒಂದೆರಡು ವಾರ ಎಚ್ಚರವಾಗಿರಬೇಕು. ಅದೇ ವಾರ ತೋಟದಲ್ಲಿ ಡ್ರಮ್ಮು ತುಂಬುತ್ತದೆ.

ಒಂದು ಗ್ರಾಂ ಮೈಲುತುತ್ತದಲ್ಲಿ ಕಾಲು ಗ್ರಾಂ ತಾಮ್ರ ಇರುತ್ತದೆ. ಅದು ಪೂರ್ತಿ ಕರಗಿದರೆ 80 ಸಾವಿರ ಲೀಟರ್ ನೀರನ್ನು ಲೀಟರಿಗೆ ಮೂರು ಮೈಕ್ರೋಗ್ರಾಂ ಮಟ್ಟಕ್ಕೆ ತರಬಲ್ಲದು. ಸುಣ್ಣ ಕೂಡಿದ ತಾಮ್ರ ಅಷ್ಟು ಬೇಗ ಕರಗುವುದಿಲ್ಲ, ಎಲೆಗೂ ಗೊನೆಗೂ ಅಂಟಿ ಕೂರುವುದೇ ಅದರ ಗುಣ. ಕೊಳೆತ ಎಲೆಯ ಕಷಾಯದಂತಿರುವ ಹಳ್ಳದ ನೀರೂ ಒಂದಿಷ್ಟು ತಾಮ್ರವನ್ನು ಕಟ್ಟಿಹಾಕಿ ಮೀನಿನ ಮೂಗನ್ನು ಕಾಯುತ್ತದೆ. ಹಾಗಾಗಿ ಗೊನೆಯ ಮೇಲಿರುವ ತಾಮ್ರಕ್ಕಿಂತ ನನಗೆ ಭಯ ಡ್ರಮ್ಮಿನ ತಳದ್ದು, ಚೀಲ ಕೊಡವಿದ್ದು, ಹಳ್ಳದಲ್ಲಿ ಪಂಪು ತೊಳೆದದ್ದು. ಅದು ಯಾರ ಹೊಟ್ಟೆಪಾಡಿಗೂ ಬೇಕಾದದ್ದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ನಾವು ಮಂಡಕ್ಕಿ ಎಸೆಯುವ, ದೇವರ ಮೀನೆಂದು ಯಾರೂ ಮುಟ್ಟದ ಆ ದೊಡ್ಡ ಮೀನುಗಳ ಮೇಲಿನ ಕಣಿವೆಯಲ್ಲೂ ಅಡಿಕೆ ತೋಟಗಳೇ ಇವೆ. ಮೀನನ್ನು ಹಿಡಿಯದೆ ಇರುವಷ್ಟು ಭಕ್ತಿ ನಮ್ಮಲ್ಲಿದೆ. ಮೀನಿನ ನೀರಿಗೂ ಆ ಭಕ್ತಿ ಸಲ್ಲಬೇಕು.

ನಮಗಿಲ್ಲದ ಇಂದ್ರಿಯದ ಮಾತು ಬಾಕಿ ಇತ್ತು. ಮೀನಿನ ಮೈಯ ಎರಡೂ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಓಡುತ್ತದೆ, ಪಾರ್ಶ್ವರೇಖೆ ಎನ್ನುತ್ತಾರೆ. ಅದರುದ್ದಕ್ಕೂ ಸೂಕ್ಷ್ಮ ರೋಮಕೋಶಗಳು. ನೀರು ಎತ್ತಣಿಂದ ತಳ್ಳುತ್ತಿದೆ, ಪಕ್ಕದ ಮೀನು ಎಷ್ಟು ದೂರ, ಕತ್ತಲಲ್ಲಿ ಯಾರೋ ಬಾಲ ಬೀಸಿದರೇ, ಎಲ್ಲವನ್ನೂ ಅದು ಮೈಯಿಂದಲೇ ಅರಿಯುತ್ತದೆ. ಹೊಳೆಯಲ್ಲಿ ಮೀನು ಸೆಳವಿಗೆ ಎದುರಾಗಿ ನಿಲ್ಲುವುದರಲ್ಲಿ ಈ ಗೆರೆಯ ಪಾತ್ರ ದೊಡ್ಡದು. ನಮ್ಮ ಒಳಕಿವಿಯಲ್ಲಿರುವುದೂ ಇದೇ ಜಾತಿಯ ಕೋಶ. ಅದಕ್ಕೇ ಮನುಷ್ಯರ ಕಿವುಡುತನ ಅರಿಯಲು ವಿಜ್ಞಾನಿಗಳು ಜೀಬ್ರಾಮೀನಿನ ಪಾರ್ಶ್ವರೇಖೆ ನೋಡುತ್ತಾರೆ. ಕಿರುಬೆರಳಿನಷ್ಟೂ ಇಲ್ಲದ, ನೀಲಿ ಪಟ್ಟೆಯ ಈ ಮೀನು ನಮ್ಮ ಉಪಖಂಡದ್ದೇ. ಅದಕ್ಕೆ ಶಾಸ್ತ್ರೀಯ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್, ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಬರೆದ ಗ್ರಂಥದಲ್ಲಿ. ಟಿಪ್ಪು ಮಡಿದ ಮರುವರ್ಷ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಊರೂರಿನ ಬೆಳೆ, ಜಾತಿ, ಮಣ್ಣು, ಸುಂಕ ಎಲ್ಲ ಬರೆದಿಟ್ಟ ಬುಕಾನನ್ ಇದ್ದಾರಲ್ಲ, ಅವರೇ ಇವರು. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಈಗ ಈಜುವ ಆ ಮೀನಿನಲ್ಲೂ ತಾಮ್ರದ ಪರೀಕ್ಷೆಯಾಗಿದೆ. ಲೀಟರಿಗೆ 20 ಮೈಕ್ರೋಗ್ರಾಂ ಮುಟ್ಟಿದರೆ ಪಾರ್ಶ್ವರೇಖೆಯ ರೋಮಕೋಶಗಳು ಗಂಟೆಗಳಲ್ಲಿ ಸಾಯತೊಡಗುತ್ತವೆ. ಒಳ್ಳೆಯ ಸುದ್ದಿಯೂ ಇದೆ: ಶುದ್ಧ ನೀರಿಗೆ ಬಿಟ್ಟರೆ ಎರಡೇ ದಿನದಲ್ಲಿ ಹೊಸ ಕೋಶ ಚಿಗುರುತ್ತವೆ. ನಮ್ಮ ಕಿವಿಗೆ ಆ ಭಾಗ್ಯ ಇಲ್ಲ. ಶುದ್ಧ ನೀರು ಸಿಗದಿದ್ದರೆ ಮೀನಿಗೂ ಇಲ್ಲ.

ಬೆಳ್ಳಂದೂರಿನ ನೊರೆಗೆ ಬರುತ್ತೇನೆ. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿದಾಗ ಜಗತ್ತಿಗೇ ಸುದ್ದಿಯಾಯಿತು. ನೊರೆಯ ಮೂಲ ಮನೆಮನೆಯ ಬಚ್ಚಲು. ಬಟ್ಟೆಯ ಪುಡಿ, ಪಾತ್ರೆಯ ಸೋಪು, ಶಾಂಪೂ. ಮೀಸೆಮೀನುಗಳಿಗೆ ಇದಕ್ಕಿಂತ ಕೆಟ್ಟ ಶತ್ರುವಿಲ್ಲ. ನಮ್ಮ ಚೇಳುಮೀನು ಸೇರಿದಂತೆ ಈ ಜಾತಿಯ ಮೀನುಗಳಿಗೆ ರುಚಿಮೊಗ್ಗುಗಳಿರುವುದು ಬಾಯಲ್ಲಿ ಮಾತ್ರವಲ್ಲ. ಮೀಸೆಯಲ್ಲಿವೆ, ತುಟಿಯಲ್ಲಿವೆ, ಮೈಚರ್ಮದಲ್ಲೂ ಇವೆ. ಕೆಸರಿನಲ್ಲಿ ಮೀಸೆ ಆಡಿಸುತ್ತ ಹೋಗುವ ಮೀನು ಆ ಹೊತ್ತಿಗೆ ನೆಲವನ್ನೇ ನೆಕ್ಕಿ ನೋಡುತ್ತಿರುತ್ತದೆ. ಅಮೆರಿಕದ ಹಳದಿ ಬುಲ್‌ಹೆಡ್ ಎಂಬ ಮೀಸೆಮೀನಿನ ಮೇಲೆ 1965ರಲ್ಲಿಯೇ ಪ್ರಯೋಗವಾಗಿದೆ. ಹತ್ತು ಲಕ್ಷ ಪಾಲು ನೀರಿಗೆ ಅರ್ಧ ಪಾಲು ಮಾರ್ಜಕ ಇದ್ದರೆ ರುಚಿಮೊಗ್ಗುಗಳು ಸವೆಯತೊಡಗಿದವು. ಸವೆದ ಮೀನನ್ನು ಶುದ್ಧ ನೀರಿಗೆ ಹಾಕಿ ಆರು ವಾರ ಕಾದರೂ ರುಚಿ ಮರಳಲಿಲ್ಲ. ಮೇವು ಮುಂದೆಯೇ ಬಿದ್ದಿದ್ದರೂ ಅದಕ್ಕೆ ಗೊತ್ತಾಗಬೇಕಲ್ಲ!

ಕಣ್ಣಿನ ಮಾತನ್ನು ಹಿರಿಯರಿಗಾಗಿ ಕೊನೆಗೆ ಇಟ್ಟುಕೊಂಡಿದ್ದೆ. ಆಫ್ರಿಕದ ವಿಕ್ಟೋರಿಯ ಸರೋವರದಲ್ಲಿ ಸಿಕ್ಲಿಡ್ ಎಂಬ ಪುಟ್ಟ ಮೀನುಗಳ ನೂರಾರು ಜಾತಿಗಳಿದ್ದವು. ಆಕಾರದಲ್ಲಿ ಒಂದನ್ನೊಂದು ಹೋಲುವ ಜಾತಿಗಳಲ್ಲಿ ಹೆಣ್ಣು ತನ್ನ ಗಂಡನ್ನು ಗುರುತಿಸುವುದು ಬಣ್ಣದಿಂದ. ಒಂದರ ಗಂಡು ಕೆಂಪು, ಇನ್ನೊಂದರದು ನೀಲಿ. ಕೆಂಪಿನದಕ್ಕೆ ತಾಂಜಾನಿಯದ ಅಧ್ಯಕ್ಷರಾಗಿದ್ದ ನ್ಯೆರೆರೆ ಅವರ ಹೆಸರಿಟ್ಟಿದ್ದಾರೆ. ದಡದ ಹೊಲ, ಊರುಗಳಿಂದ ಮಣ್ಣೂ ಗೊಬ್ಬರವೂ ಇಳಿದು ನೀರು ಮಬ್ಬಾಯಿತು. ಮಬ್ಬಿನಲ್ಲಿ ಕೆಂಪೂ ಒಂದೇ, ನೀಲಿಯೂ ಒಂದೇ. ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದಂತೆ, ನೀರು ಮಬ್ಬಾದಲ್ಲೆಲ್ಲ ಜಾತಿಗಳು ಕಡಿಮೆ, ಬಣ್ಣಗಳು ಮಂಕು. ಯಾವ ಮೀನೂ ವಿಷ ಕುಡಿದು ಸಾಯಲಿಲ್ಲ. ಹೆಣ್ಣಿಗೆ ಗಂಡು ಕಾಣಲಿಲ್ಲ, ಜಾತಿಗಳು ಕರಗಿಹೋದವು. ಮೆಕ್ಸಿಕೋದ ತೊರೆಗಳ ಕತ್ತಿಬಾಲದ ಮೀನಿನಲ್ಲಿ ಇದೇ ಸಂಗತಿ ಮೂಗಿನ ಮೂಲಕ ಆಗುವುದನ್ನು 2006ರಲ್ಲಿ ಕಂಡರು. ಕೊಳೆತ ಸಸ್ಯದಿಂದ ಬರುವ ಹ್ಯೂಮಿಕ್ ಆಮ್ಲ ನೀರಿನಲ್ಲಿ ಹೆಚ್ಚಾದಾಗ ಹೆಣ್ಣುಮೀನು ತನ್ನ ಜಾತಿಯ ಗಂಡಿನ ವಾಸನೆಯನ್ನು ಬೇರೆಯದರಿಂದ ಬೇರ್ಪಡಿಸಲಾರದೆ ಹೋಯಿತು.

ಇಂಥ ಪ್ರಯೋಗಗಳನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕೆಂದು ನಾನು ಹೇಳುವುದಿಲ್ಲ. ಸಮುದ್ರದ ನೀರು ಆಮ್ಲವಾಗುತ್ತಿರುವುದರಿಂದ ಹವಳದಿಬ್ಬದ ಮೀನುಗಳ ಮೂಗು ಕೆಡುತ್ತದೆಂದು 2009ರಿಂದ ಬಂದ ಲೇಖನಗಳು ಭಾರಿ ಗದ್ದಲ ಎಬ್ಬಿಸಿದವು. 2020ರಲ್ಲಿ ಬೇರೆ ತಂಡ ಅದೇ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಹೀಗೆ ಒರೆಗೆ ಹಚ್ಚುವುದು ಒಳ್ಳೆಯದು. ತಾಮ್ರದ ಮಾತು ಹಲವು ಪ್ರಯೋಗಾಲಯಗಳಲ್ಲಿ, ಹಲವು ಮೀನುಗಳಲ್ಲಿ ಒರೆಗೆ ನಿಂತಿದೆ.

ಈಗ ನಮ್ಮ ಕಾನೂನಿಗೆ ಬರೋಣ, ನನಗೆ ಹೇಳಬೇಕಿದ್ದದ್ದು ಇದೇ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಕಾರ್ಖಾನೆಯ ನೀರನ್ನು ಹೊಳೆ ಕೆರೆಗಳಿಗೆ ಬಿಡಲು ಸಾಮಾನ್ಯ ಮಾನದಂಡಗಳಿವೆ. ಅದರಲ್ಲಿ ತಾಮ್ರಕ್ಕೆ ಇಟ್ಟ ಮಿತಿ ಲೀಟರಿಗೆ 3 ಮಿಲಿಗ್ರಾಂ, ಎಂದರೆ 3,000 ಮೈಕ್ರೋಗ್ರಾಂ. ಮೂಗು ಮಂಕಾಗುವುದು ಮೂರಕ್ಕೆ. ಮಿತಿ ಮೂರು ಸಾವಿರ. ಹೊಳೆಗೆ ಬಿದ್ದ ಮೇಲೆ ನೀರು ಕಲೆತು ತೆಳುವಾಗುತ್ತದೆ ಎಂಬುದು ಈ ಲೆಕ್ಕದ ಹಿಂದಿನ ನಂಬಿಕೆ. ಬೇಸಿಗೆಯಲ್ಲಿ ಹೊಳೆಯೇ ಇಲ್ಲದೆ ಕಾರ್ಖಾನೆಯ ನೀರೇ ಹೊಳೆಯಾಗಿ ಹರಿಯುವ ನಾಡಿನಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಅದೇ ಪಟ್ಟಿಯಲ್ಲಿ ಮೀನಿನ ಪರೀಕ್ಷೆಯೂ ಉಂಟು. ಕಾರ್ಖಾನೆಯ ನೀರಿನಲ್ಲಿ ಮೀನುಗಳನ್ನು 96 ಗಂಟೆ ಬಿಡಬೇಕು, ನೂರರಲ್ಲಿ 90 ಬದುಕಿದ್ದರೆ ಆ ನೀರು ಪಾಸು. ಬದುಕಿದ ಆ 90 ಮೀನು ಮೇವಿನ ವಾಸನೆ ಹಿಡಿಯುತ್ತವೆಯೇ, ಬೆದರಿಕೆಗೆ ಬೆದರುತ್ತವೆಯೇ, ಸೆಳವಿಗೆ ಎದುರು ನಿಲ್ಲುತ್ತವೆಯೇ ಎಂದು ಕೇಳುವ ಒಂದು ಸಾಲೂ ಅದರಲ್ಲಿಲ್ಲ. ಅದು ಸಾವನ್ನು ಅಳೆಯುವ ಪರೀಕ್ಷೆ. ಬದುಕನ್ನು ಅಳೆಯುವ ಪರೀಕ್ಷೆ ಬೇಕು, ಅದು ಕಷ್ಟವೂ ಅಲ್ಲ. ಮೇವಿನ ನೀರಿನ ಒಂದು ಹನಿ ಹಾಕಿ ಮೀನು ತಿರುಗುತ್ತದೆಯೇ ನೋಡಲು ಒಂದು ತೊಟ್ಟಿ, ಒಂದು ಕ್ಯಾಮೆರಾ, ತಾಳ್ಮೆಯುಳ್ಳ ಒಬ್ಬ ವಿದ್ಯಾರ್ಥಿ ಸಾಕು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ತೋಟದ ಸೀಮೆಯಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮೊದಲ ಔಷಧಿ ಹೊಡೆದ ವಾರ ಒಮ್ಮೆ, ತುಂಗೆ, ಭದ್ರೆ, ನೇತ್ರಾವತಿ, ಶರಾವತಿಗಳ ಹಳ್ಳಗಳ ನೀರಿನ ತಾಮ್ರ ಅಳೆದು ಆ ಅಂಕಿಯನ್ನು ಆ ಊರಿನವರಿಗೆ ಕನ್ನಡದಲ್ಲಿ ತಿಳಿಸಲಿ.

ತೋಟದವರಲ್ಲಿ ನನ್ನ ಬೇಡಿಕೆ ಇದಕ್ಕಿಂತ ಸಣ್ಣದು. ಔಷಧಿ ಹೊಡೆಯಿರಿ. ಡ್ರಮ್ಮನ್ನು, ಪಂಪನ್ನು, ಮೈಲುತುತ್ತದ ಚೀಲವನ್ನು ಹಳ್ಳದಲ್ಲಿ ತೊಳೆಯಬೇಡಿ. ಉಳಿದ ದ್ರಾವಣವನ್ನು ಮರದ ಮೇಲೇ ಮುಗಿಸಿ, ತೊಳೆದ ನೀರನ್ನು ಹಳ್ಳ ಬಾವಿಗಳಿಂದ ದೂರ ಮಣ್ಣಿಗೆ ಸುರಿಯಿರಿ, ಮೋಡ ಕವಿದು ಮಳೆ ಬರುವ ಸೂಚನೆ ಇದ್ದ ದಿನ ಬೆರೆಸಬೇಡಿ. ಕೊನೆಗಾರನಿಗೂ ಈ ಮಾತು ಹೇಳಿ, ಏಕೆಂದರೆ ಸಂಜೆ ಕೈಕಾಲು ತೊಳೆಯಲು ಹಳ್ಳಕ್ಕಿಳಿಯುವವನು ಅವನೇ.